ದೊಡ್ಡ ತಳಿಯ ನಾಯಿಮರಿಗೆ ತಕ್ಕ ಹಗ್ಗ

ಮೈಸೂರಿನ ವಿಜಯನಗರದಂತಹ ಬಡಾವಣೆಗಳಲ್ಲಿ ಮನೆಗಳ ಮಗ್ಗುಲಲ್ಲೇ ವರ್ತುಲ ರಸ್ತೆ ಹಾದುಹೋಗುತ್ತದೆ. ಕಾವಲಿಗೆಂದು ತಂದ ಮುಧೋಳ ಮೊದಲಾದ ದೊಡ್ಡ ತಳಿಯ ಮರಿ ಹಗ್ಗ ಕಿತ್ತುಕೊಂಡು ರಸ್ತೆಗೆ ನುಗ್ಗಿದರೆ ಮರಿಗೂ ವಾಹನ ಸವಾರರಿಗೂ ಅಪಾಯ. ಓಡುವ ಮರಿ ಹಗ್ಗದ ತುದಿಯಲ್ಲಿ ತಟ್ಟನೆ ನಿಂತಾಗ ಬೀಳುವ ಜಗ್ಗು ಅದರ ತೂಕದ ಹಲವು ಪಟ್ಟಾಗಬಹುದು. ಆದ್ದರಿಂದ ತೂಕವೊಂದನ್ನೇ ನೋಡಿ ಹಗ್ಗ ಆರಿಸಬಾರದು.

ನಾರುಗಳ ಗುಣ ಹೀಗಿದೆ:

1. ತೆಂಗಿನ ನಾರು: ನೀರಿಗೆ ಬೇಗ ಕೊಳೆಯದು. ಆದರೆ ಒರಟು, ಬಲವೂ ಕಡಿಮೆ.

2. ಹತ್ತಿ: ಕೈಗೆ ಮೃದು. ನೆನೆದಾಗ ಬಲ ಹೆಚ್ಚುತ್ತದೆ. ಆದರೆ ಒಣಗಿಸದೆ ಬಿಟ್ಟರೆ ಕೊಳೆಯುತ್ತದೆ.

3. ನೈಲಾನ್: ಬಹಳ ಗಟ್ಟಿ. ಹಿಗ್ಗುವುದರಿಂದ ಜಗ್ಗಿನ ಪೆಟ್ಟು ತಗ್ಗುತ್ತದೆ. ಸಣ್ಣ ಹುರಿ ಅಂಗೈ ಕೊಯ್ಯುವುದರಿಂದ ಸುಮಾರು ಒಂದು ಅಂಗುಲ ಅಗಲದ ಪಟ್ಟಿ ಉತ್ತಮ. ಬಹುಕಾಲ ಬಿಸಿಲಿಗೆ ಬಿದ್ದರೆ ಬಲ ಕುಂದುತ್ತದೆ.

4. ಸರಪಳಿ: ಮರಿ ಕಡಿದು ತುಂಡರಿಸಲಾರದು. ಆದರೆ ಹಿಗ್ಗದ ಕಾರಣ ಪೆಟ್ಟೆಲ್ಲ ಕೊರಳಿಗೂ ಕೈಗೂ ಬೀಳುತ್ತದೆ.

ದಿನನಿತ್ಯ ಅಡ್ಡಾಡಿಸಲು ಐದು ಅಡಿಯ ನೈಲಾನ್ ಪಟ್ಟಿ ಸಾಕು. ಗಂಟು ಹಾಕಿದಲ್ಲಿ ಹಗ್ಗದ ಬಲ ಅರ್ಧದಷ್ಟು ಕುಗ್ಗಬಹುದು. ಆದಕಾರಣ ತುದಿಗಳನ್ನು ಮಡಿಸಿ ಹೊಲಿದಿರುವುದನ್ನೇ ಕೊಳ್ಳಬೇಕು. ಕೊಂಡಿ ತಿರುಗುವಂತಿದ್ದರೆ ಪಟ್ಟಿ ಹುರಿಗೊಳ್ಳದು.

ಮುಧೋಳ ನಾಯಿಯ ತಲೆ ಕಿರಿದು. ಸಾಮಾನ್ಯ ಕೊರಳಪಟ್ಟಿ ಸುಲಭವಾಗಿ ಜಾರುತ್ತದೆ. ಅದಕ್ಕೆ ಮೈಗೆ ಸರಿಹೊಂದುವ ಎದೆಪಟ್ಟಿ ಮೇಲು. ಮರಿ ಬೆಳೆದಂತೆ ಅದನ್ನು ಸಡಿಲಿಸುತ್ತಿರಬೇಕು.

ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬಾರದು. ವಾರಕ್ಕೊಮ್ಮೆ ಹೊಲಿಗೆ, ಕೊಂಡಿಗಳನ್ನು ಪರೀಕ್ಷಿಸಿ, ಎಳೆ ಬಿಟ್ಟಿದ್ದರೆ ಕೂಡಲೇ ಬದಲಿಸುವುದು ಕ್ಷೇಮ.