ಸಂಗೀತೋತ್ಸವಕ್ಕೆ ಬುತ್ತಿ ಕಟ್ಟುವಾಗ

ಡಿಸೆಂಬರ್ ಬಂತೆಂದರೆ ಮಾಟುಂಗಾ, ಮುಲುಂಡ್, ಡೊಂಬಿವಲಿಯ ಸಂಗೀತಪ್ರಿಯ ಗಿರಾಕಿಗಳು ಪುಣೆಗೆ ಹೊರಡುತ್ತಾರೆ. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ ಉತ್ಸವಕ್ಕೆ. ನಾಲ್ಕೈದು ದಿನದ ಬಿಡಾರ, ಜತೆಗೆ ನಮ್ಮ ಪಾರ್ಸೆಲ್.

ಒಂದು ವರ್ಷ 30 ಜನರಿಗೆ ಬೆಳಿಗ್ಗೆ ಇಡ್ಲಿ, ಕಾಯಿಚಟ್ನಿ ಕಟ್ಟಿಕೊಟ್ಟೆವು. ಅವಸರದಲ್ಲಿ ಬಿಸಿ ಇಡ್ಲಿಯ ಮೇಲೆಯೇ ಚಟ್ನಿ ಡಬ್ಬಿ ಇಟ್ಟಿದ್ದೆವು. ಸಂಜೆ ಫೋನ್ ಬಂತು, ಚಟ್ನಿ ಹಳಸಿದೆ ಎಂದು. ಹಣ ಹಿಂತಿರುಗಿಸಿದೆವು; ಆ ತಂಡ ಮಾತ್ರ ಮತ್ತೆ ನಮ್ಮ ಗಲ್ಲಾದತ್ತ ಸುಳಿಯಲಿಲ್ಲ.

ಈಗ ಇಡ್ಲಿಯನ್ನು ಅಗಲ ತಟ್ಟೆಯಲ್ಲಿ ಬೇಗ ಆರಿಸಿ, ಚಟ್ನಿಪುಡಿ, ಎಳ್ಳೆಣ್ಣೆ ಸವರಿ ಬಾಳೆ ಎಲೆಯಲ್ಲಿ ಕಟ್ಟುತ್ತೇವೆ. ಬಟಾಟೆ ಪಲ್ಯಕ್ಕೆ ಕಾಯಿತುರಿ, ಈರುಳ್ಳಿ ಇಲ್ಲ. ಅನ್ನದ ವಿಷಯದಲ್ಲಿ ಭಟ್ಟರೊಡನೆ ಜಗಳವಾದರೂ ಸರಿ, ಹುಳಿಯಿಲ್ಲದ ಅನ್ನ ಕಳಿಸುವುದಿಲ್ಲ. 5ರಿಂದ 60 ಡಿಗ್ರಿಯ ನಡುವೆ ಅನ್ನ ಹೊತ್ತುಗಟ್ಟಲೆ ಕುಳಿತರೆ ಅದರಲ್ಲಿ ಹುಟ್ಟುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಪುಳಿಯೋಗರೆಯೂ ಅದೇ ದಿನಕ್ಕಷ್ಟೇ. ಮರುದಿನಗಳಿಗೆ ಕೋಡುಬಳೆ, ಅವಲಕ್ಕಿ ಚಿವಡಾ, ಗೊಜ್ಜಿನ ಶೀಸೆ.

ಪ್ರತಿ ಪೊಟ್ಟಣದ ಮೇಲೆ ಕಟ್ಟಿದ ಗಂಟೆ, ತಿನ್ನಬೇಕಾದ ಗಂಟೆ ಎರಡನ್ನೂ ಬರೆಯುತ್ತೇವೆ. ಕೌಂಟರಿನ ಹುಡುಗ ಅದನ್ನು ಬಾಯಲ್ಲೂ ಹೇಳಬೇಕು.