ಪಾಲುದಾರರ ಜಗಳಕ್ಕೆ ಬಲಿಯಾದ ‘ಕ್ರೀಮ್’

ವ್ಯಾಪಾರ ಚೆನ್ನಾಗಿ ನಡೆಯುತ್ತಿರುವಾಗಲೇ ಪಾಲುದಾರರು ಕಿತ್ತಾಡಿ ಷಟರ್ ಎಳೆಯುವುದು ನಮ್ಮ ಪೇಟೆಯವರಿಗೆ ಹೊಸ ಸಂಗತಿಯಲ್ಲ. ಲಂಡನ್ನಿನಲ್ಲಿ ಮೂವರು ಸೇರಿ ತೆರೆದ ಹಾಡಿನ ಅಂಗಡಿಯೊಂದು ಹೀಗೇ ಮುಚ್ಚಿಹೋಯ್ತು. ಹೆಸರು ‘ಕ್ರೀಮ್’. ಬಾಗಿಲು ತೆರೆದದ್ದು 1966ರ ಜುಲೈನಲ್ಲಿ, ಬೀಗ ಬಿದ್ದದ್ದು 1968ರ ನವೆಂಬರ್ 26ರಂದು. ಎರಡೂವರೆ ವರ್ಷವೂ ತುಂಬಲಿಲ್ಲ. ಹಾಗಂತ ನಷ್ಟವಾಗಿ ಮುಚ್ಚಿದ್ದಲ್ಲ. ಗಿರಾಕಿಗಳು ಕ್ಯೂ ನಿಂತಿರುವಾಗ ಮುಚ್ಚಿದ್ದು!

ಡ್ರಮ್ ಬಾರಿಸುವವನು ಜಿಂಜರ್ ಬೇಕರ್. ಅಪ್ಪ ಗೋಡೆ ಕಟ್ಟುವ ಗಾರೆ ಕೆಲಸದವ, ಎರಡನೇ ಮಹಾಯುದ್ಧದಲ್ಲಿ ಸತ್ತ. ಮಗನಿಗೆ ಸೈಕಲ್ ರೇಸಿನ ಹುಚ್ಚು. ಅದು ಕೈಗೂಡದೆ ಡ್ರಮ್ ಕೋಲು ಹಿಡಿದ. ಬೇಸ್ ಗಿಟಾರ್ ನುಡಿಸಿ ಹಾಡುವವನು ಜ್ಯಾಕ್ ಬ್ರೂಸ್, ಸ್ಕಾಟ್ಲೆಂಡಿನ ಹುಡುಗ. ವಿದ್ಯಾರ್ಥಿವೇತನ ಪಡೆದು ಸಂಗೀತ ಕಾಲೇಜಿನಲ್ಲಿ ಚೆಲ್ಲೊ ಕಲಿಯುತ್ತಿದ್ದ. ಹೊರಗೆ ಜಾಜ್ ನುಡಿಸುವುದು ಅಲ್ಲಿಯವರಿಗೆ ಹಿಡಿಸಲಿಲ್ಲ, ಕಾಲೇಜನ್ನೇ ಬಿಟ್ಟ. ಮೂರನೆಯವನು ಗಿಟಾರಿನ ಎರಿಕ್ ಕ್ಲಾಪ್ಟನ್. ಅಜ್ಜ ಅಜ್ಜಿಯನ್ನೇ ಅಪ್ಪ ಅಮ್ಮ ಎಂದು, ಹೆತ್ತ ತಾಯಿಯನ್ನು ಅಕ್ಕ ಎಂದು ನಂಬಿ ಬೆಳೆದವ. ಲಂಡನ್ನಿನ ಗೋಡೆಯ ಮೇಲೆ ‘ಕ್ಲಾಪ್ಟನ್ನೇ ದೇವರು’ ಎಂದು ಯಾರೋ ಬರೆದಿದ್ದರು.

ಒಬ್ಬೊಬ್ಬನೂ ತನ್ನ ವಾದ್ಯದಲ್ಲಿ ಘಟಾನುಘಟಿ. ತಾವೇ ಹಾಲಿನ ಮೇಲಿನ ಕೆನೆ ಎಂಬ ಭಾವನೆಯಲ್ಲೇ ‘ಕ್ರೀಮ್’ ಎಂದು ಹೆಸರಿಟ್ಟುಕೊಂಡರು. ಜಂಭ ಕಡಿಮೆಯದ್ದೇನಲ್ಲ.

ಎಡವಟ್ಟು ಇದ್ದದ್ದು ಬೇರೆ ಕಡೆ. ಬೇಕರ್ ಮತ್ತು ಬ್ರೂಸ್ ಹಳೇ ವೈರಿಗಳು. ಇಬ್ಬರೂ ಮೊದಲು ಗ್ರಹಾಂ ಬಾಂಡ್ ಎಂಬಾತನ ತಂಡದಲ್ಲಿದ್ದರು. ವೇದಿಕೆಯ ಮೇಲೇ ಜಗಳವಾಡಿದ ಜೋಡಿ ಅದು. 1965ರಲ್ಲಿ ಬೇಕರ್ ಬ್ರೂಸ್‌ನನ್ನು ತಂಡದಿಂದ ಹೊರಗೆ ಹಾಕಿದ. ಆತ ಮತ್ತೆ ಬಂದರೆ ಚಾಕು ತೋರಿಸಿ ಓಡಿಸಿದ ಎಂಬ ಕಥೆ ಇವತ್ತಿಗೂ ಪ್ರಸಿದ್ಧ.

ಮರುವರ್ಷ ಬೇಕರ್ ತನ್ನ ಹೊಸ ರೋವರ್ ಕಾರಿನಲ್ಲಿ ಕ್ಲಾಪ್ಟನ್‌ನನ್ನು ಲಂಡನ್ನಿಗೆ ಕರೆದುಕೊಂಡು ಹೊರಟಿದ್ದ. ದಾರಿಯಲ್ಲಿ ‘ತಂಡ ಕಟ್ಟೋಣ’ ಎಂಬ ಮಾತು ತೆಗೆದ. ಕ್ಲಾಪ್ಟನ್ ಒಪ್ಪಿದ, ಆದರೆ ಬ್ರೂಸ್ ಬರಬೇಕು ಎಂದು ಷರತ್ತು ಹಾಕಿದ. ಆ ಹೆಸರು ಕಿವಿಗೆ ಬಿದ್ದದ್ದೇ ತಡ, ಬೇಕರ್ ಕೈಯಲ್ಲಿದ್ದ ಸ್ಟೇರಿಂಗ್ ಹೊಯ್ದಾಡಿ ಕಾರು ಗುದ್ದುವುದೊಂದು ಬಾಕಿ! ಹಳೇ ಜಗಳ ಕ್ಲಾಪ್ಟನ್‌ಗೆ ಸರಿಯಾಗಿ ಗೊತ್ತಿರಲಿಲ್ಲವಂತೆ. ಪಾಲುದಾರಿಕೆಗೆ ಮುಂಚೆ ಪೂರ್ವಾಪರ ವಿಚಾರಿಸದಿದ್ದರೆ ಆಗುವುದೇ ಹೀಗೆ. ಬೇಕರ್ ಕಡೆಗೂ ಬ್ರೂಸ್ ಮನೆಬಾಗಿಲಿಗೆ ಹೋಗಿ ರಾಜಿ ಮಾಡಿಕೊಂಡ.

1967ರ ಮೇ ತಿಂಗಳಲ್ಲಿ ನ್ಯೂಯಾರ್ಕಿಗೆ ಹೋಗಿ ಮೂರು ನಾಲ್ಕು ದಿನದಲ್ಲಿ ಎರಡನೇ ರೆಕಾರ್ಡು ಮುಗಿಸಿದರು. ಅದರ ಹೆಸರಿನದ್ದೇ ಒಂದು ತಮಾಷೆ. ಕ್ಲಾಪ್ಟನ್ ರೇಸ್ ಸೈಕಲ್ ಕೊಳ್ಳುವ ಮಾತಾಡುತ್ತಿದ್ದಾಗ, ಜೊತೆಗಿದ್ದ ಕೆಲಸಗಾರ ‘ಡಿರೇಲರ್ ಗೇರ್’ ಎನ್ನುವ ಬದಲು ಬ್ರಿಟನ್ನಿನ ಹಳೇ ಪ್ರಧಾನಿಯ ಹೆಸರು ಸೇರಿಸಿ ‘ಡಿಸ್ರೇಲಿ ಗೇರ್ಸ್’ ಅಂದುಬಿಟ್ಟ. ಎಲ್ಲರೂ ಬಿದ್ದು ಬಿದ್ದು ನಕ್ಕರು, ರೆಕಾರ್ಡಿಗೆ ಅದೇ ಹೆಸರಾಯ್ತು. ಅದು ಭರ್ಜರಿ ಮಾರಾಟವೂ ಆಯ್ತು. ಮುಂದಿನ ವರ್ಷದ ‘ವೀಲ್ಸ್ ಆಫ್ ಫೈರ್’ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು.

1967ರ ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನ ‘ಎಷ್ಟು ಹೊತ್ತಾದರೂ ನುಡಿಸಿ’ ಎಂದು ಕೂತರು. ನಾಲ್ಕು ನಿಮಿಷದ ಹಾಡು ಹದಿನೈದು ನಿಮಿಷ ಹಿಗ್ಗಿತು. ನಮ್ಮ ಕಚೇರಿಗಳ ತನಿ ಆವರ್ತನದ ಹಾಗೆ ಬೇಕರ್‌ಗೂ ಒಂದು ಉದ್ದನೆಯ ಡ್ರಮ್ ಸರದಿ. ಅದೇ ಸೊಗಸು, ಅದೇ ಮುಳುವಾಯ್ತು. ಯಾರೂ ಇನ್ನೊಬ್ಬನನ್ನು ಕೇಳಿಸಿಕೊಳ್ಳಲಿಲ್ಲ. ಬ್ರೂಸ್ ತನ್ನ ಸೌಂಡ್ ಏರಿಸಿದ, ಕ್ಲಾಪ್ಟನ್ ಅವನಿಗಿಂತ ಏರಿಸಿದ. ಡ್ರಮ್ಮಿಗೆ ಏರಿಸಲು ಬಟನ್ ಎಲ್ಲಿದೆ? ಹಿಂದೆ ಕೂತ ಬೇಕರ್‌ನ ಕಿವಿ ಹಾಳಾಯ್ತು. ಒಂದು ಕಾರ್ಯಕ್ರಮದಲ್ಲಿ ಕ್ಲಾಪ್ಟನ್ ನಡುವೆ ನುಡಿಸುವುದನ್ನೇ ನಿಲ್ಲಿಸಿ ನೋಡಿದ. ಉಳಿದಿಬ್ಬರ ಗಮನಕ್ಕೇ ಬರಲಿಲ್ಲ! ಜಗಳ ಬಿಡಿಸಿ ಬಿಡಿಸಿ ಆತನಿಗೂ ಸಾಕಾಗಿತ್ತು. ಮ್ಯಾನೇಜರ್ ರಾಬರ್ಟ್ ಸ್ಟಿಗ್‌ವುಡ್ ಮಾತ್ರ ಪ್ರವಾಸದ ಮೇಲೆ ಪ್ರವಾಸ ಹಾಕುತ್ತಲೇ ಇದ್ದ. ಕಡೆಗೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಒಂದೇ ದಿನ ಎರಡು ವಿದಾಯ ಪ್ರದರ್ಶನ ಕೊಟ್ಟು ಕೈಮುಗಿದರು.

ಖಾತೆ ಯಾರ ಹೆಸರಲ್ಲಿ?

ಅಸಲು ವ್ಯಾಜ್ಯ ಇನ್ನು ಮುಂದಿದೆ. ಹಾಡಿನ ವ್ಯಾಪಾರದಲ್ಲಿ ದುಡ್ಡು ಎರಡು ದಾರಿಯಲ್ಲಿ ಬರುತ್ತದೆ. ನುಡಿಸಿದ್ದಕ್ಕೆ ಬರುವುದು ಒಂದು, ಹಾಡು ಕಟ್ಟಿದವನೆಂದು ಹೆಸರಿದ್ದವನಿಗೆ ಬರುವುದು ಇನ್ನೊಂದು. ಅಂಗಡಿ ಮುಚ್ಚಿದರೆ ಪಾಲುದಾರನಿಗೆ ಲಾಭ ನಿಲ್ಲುತ್ತೆ. ಕಟ್ಟಡದ ಖಾತೆ ಯಾರ ಹೆಸರಲ್ಲಿದೆಯೋ ಅವನಿಗೆ ಬಾಡಿಗೆ ಬರುತ್ತಲೇ ಇರುತ್ತೆ. ಹಾಗೇ ಇದು. ಕ್ರೀಮ್‌ನ ಹಲವು ದೊಡ್ಡ ಹಾಡುಗಳ ಖಾತೆಯಲ್ಲಿ ಇದ್ದದ್ದು ಬ್ರೂಸ್ ಹೆಸರು ಮತ್ತು ಸಾಹಿತ್ಯ ಬರೆದ ಕವಿ ಪೀಟ್ ಬ್ರೌನ್ ಹೆಸರು. ತಮಾಷೆಯೆಂದರೆ ಬ್ರೌನ್ ಮೊದಲು ಬರೆಯಲು ಕೂತದ್ದು ಬೇಕರ್ ಜೊತೆ. ಅದು ಕುದುರಲಿಲ್ಲ, ಬ್ರೂಸ್ ಜೊತೆ ಕುದುರಿತು.

‘ವೈಟ್ ರೂಮ್’ ಹಾಡು ಶುರುವಾಗುವುದೇ ಐದೆಣಿಕೆಯ ತಾಳದಲ್ಲಿ. ಅದು ನನ್ನದು ಎಂದು ಬೇಕರ್ ಕಡೆಯವರೆಗೂ ವಾದಿಸಿದ. ‘ಸನ್‌ಷೈನ್ ಆಫ್ ಯುವರ್ ಲವ್’ ಹಾಡಿನ ತಾಳ ಯಾರ ಐಡಿಯಾ ಎಂಬುದರ ಮೇಲೂ ತಕರಾರು: ತನ್ನದು ಎಂದ ಬೇಕರ್, ತಾನು ಹೇಳಿಕೊಟ್ಟದ್ದು ಎಂದ ಸ್ಟುಡಿಯೋದ ಇಂಜಿನಿಯರ್ ಟಾಮ್ ಡೌಡ್. ಬೇಕರ್ ಹೆಸರಲ್ಲಿ ಹಾಡುಗಳೇ ಇರಲಿಲ್ಲ ಅಂತಲ್ಲ, ಇದ್ದವು. ಆದರೆ ರೇಡಿಯೋದವರು ಹಗಲೂ ರಾತ್ರಿ ಹಾಕಿದ ಹಾಡುಗಳು ಅವಲ್ಲ. ನ್ಯಾಯ ಕೇಳಿದರೆ, ರಾಗ ಹಾಕಿದವನಿಗೆ ಖಾತೆ ಬರೆದು ತಾಳ ಹಾಕಿದವನನ್ನು ಬರೀ ಕೂಲಿಗೆ ಬಿಡುವುದು ಮೋಸವೇ. ಅದನ್ನು ಬಾಯಿಮಾತಿಗೆ ಬಿಟ್ಟು ಆಮೇಲೆ ಐವತ್ತು ವರ್ಷ ಬೈಯ್ದುಕೊಂಡು ತಿರುಗಿದ್ದು ಬೇಕರ್‌ನ ದಡ್ಡತನ.

ಅಂಗಡಿ ಎದ್ದ ಮೇಲೆ ಮೂವರದೂ ಮೂರು ದಾರಿ. ಕ್ಲಾಪ್ಟನ್ ಮಾದಕ ವಸ್ತು, ಹೆಂಡಕ್ಕೆ ಬಿದ್ದು ಎದ್ದು ಬಂದ, ಶ್ರೀಮಂತನಾದ. 1998ರಲ್ಲಿ ಚಟ ಬಿಡಿಸುವ ಕೇಂದ್ರವನ್ನೇ ತೆರೆದ. ಬೇಕರ್ ಸಹಾರಾ ಮರುಭೂಮಿಯನ್ನು ರೇಂಜ್‌ರೋವರಿನಲ್ಲಿ ದಾಟಿ ನೈಜೀರಿಯಾದ ಲಾಗೋಸ್ ಸೇರಿದ. ಅಲ್ಲಿ ಸ್ಟುಡಿಯೋ ಕಟ್ಟಿದ, ಫೆಲಾ ಕುಟಿ ಜೊತೆ ನುಡಿಸಿದ, ಪೋಲೋ ಕುದುರೆಗಳ ಮೇಲೆ ದುಡ್ಡು ಸುರಿದ. ಬ್ರೂಸ್‌ಗೆ ಲಿವರ್ ಕ್ಯಾನ್ಸರಾಗಿ 2003ರಲ್ಲಿ ಲಿವರ್ ಕಸಿ ಮಾಡಬೇಕಾಯ್ತು.

2005ರ ಮೇ ತಿಂಗಳಲ್ಲಿ ಮೂವರೂ ಅದೇ ಆಲ್ಬರ್ಟ್ ಹಾಲಿನಲ್ಲಿ ನಾಲ್ಕು ದಿನ ಮತ್ತೆ ನುಡಿಸಿದರು. ಬೇಕರ್‌ಗೆ ಕೀಲುನೋವು, ಬ್ರೂಸ್ ಆಗಷ್ಟೇ ಸಾವಿನ ಬಾಯಿಂದ ಬಂದವ. ಆದರೂ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಕ್ಟೋಬರಿನಲ್ಲಿ ನ್ಯೂಯಾರ್ಕಿಗೆ ಹೋದರು ನೋಡಿ, ಬ್ರೂಸ್‌ನ ಸೌಂಡ್ ಜಾಸ್ತಿಯಾಯ್ತು ಎಂದು ಬೇಕರ್ ಸಿಡಿದ. ಮೂವತ್ತೇಳು ವರ್ಷದ ಹಿಂದಿನ ಅದೇ ದೂರು! ಆಮೇಲೆ ಮೂವರೂ ಕ್ರೀಮ್ ಹೆಸರಲ್ಲಿ ಕಾರ್ಯಕ್ರಮ ಕೊಡಲಿಲ್ಲ.

ಬ್ರೂಸ್ 2014ರ ಅಕ್ಟೋಬರ್ 25ರಂದು ತೀರಿಕೊಂಡ. ಬೇಕರ್ 2019ರ ಅಕ್ಟೋಬರ್ 6ರಂದು, ಎಂಬತ್ತನೇ ವಯಸ್ಸಿನಲ್ಲಿ. ‘ವೈಟ್ ರೂಮ್’ ಹಾಡಿನ ಖಾತೆ ಬ್ರೂಸ್ ಮತ್ತು ಬ್ರೌನ್ ಹೆಸರಲ್ಲೇ ಉಳಿಯಿತು.