ನಾಲ್ಕು ಪದಗಳ ಚರಿತ್ರೆ

ಅಮೆರಿಕಾದ ಔದ್ಯೋಗೀಕರಣದಿಂದ ಎರಡನೆಯ ಮಹಾಯುದ್ಧದವರೆಗಿನ ಚರಿತ್ರೆಯನ್ನು ಓದುವವರಿಗೆ ಬಂಡವಾಳ, ಏಕಸ್ವಾಮ್ಯ, ಎಂಟು ಗಂಟೆಯ ದುಡಿಮೆ, ನಿಯಂತ್ರಣ ಎಂಬ ನಾಲ್ಕು ಪದಗಳು ಮತ್ತೆ ಮತ್ತೆ ಎದುರಾಗುತ್ತವೆ. ಇವು ಕೇವಲ ಕಂಠಪಾಠಕ್ಕೆಂದು ಇರುವ ಪದಗಳಲ್ಲ. ಒಂದೊಂದು ಪದದ ಹಿಂದೆಯೂ ಲಾಭ ಯಾರದು, ಹೊರೆ ಯಾರದು ಎಂಬ ಪ್ರಶ್ನೆಯಿದೆ. ಈ ಮಾತನ್ನು ತಿಳಿಯಲು ಸಮುದ್ರವನ್ನು ದಾಟಬೇಕಾಗಿಲ್ಲ; ಕಲಬುರಗಿ ಜಿಲ್ಲೆಯ ವಾಡಿಗೆ ಬಂದರೆ ಸಾಕು.

ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂಗಳ ನೆಲದಡಿಯಲ್ಲಿ ಸುಣ್ಣದ ಕಲ್ಲು ಪದರ ಪದರವಾಗಿ ಹಾಸಿಕೊಂಡಿದೆ. ‘ಶಹಾಬಾದಿ ಕಲ್ಲು’ ಎಂದು ನಾಡಿನ ಮನೆಮನೆಗಳ ನೆಲಕ್ಕೆ ಹಾಸುವ ಚಪ್ಪಡಿ ಇದೇ. ಆದರೆ ಕಲ್ಲು ಇದ್ದಮಾತ್ರಕ್ಕೆ ಕೈಗಾರಿಕೆ ಹುಟ್ಟದು. ಅದನ್ನು ದೂರಕ್ಕೆ ಸಾಗಿಸುವ ದಾರಿ ಬೇಕು. ಮುಂಬಯಿಯಿಂದ ಹೊರಟ ರೈಲುಮಾರ್ಗವು ಈ ಪ್ರದೇಶವನ್ನು ಹಾದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಮಾರ್ಗವನ್ನು ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಸಂಸ್ಥಾನದ ಮಾರ್ಗವು ತೆರೆಯಿತು. ವಾಡಿಯು ಜಂಕ್ಷನ್ ಆಯಿತು.

ರೈಲುಹಾದಿಗೆ ಅಪಾರ ಬಂಡವಾಳ ಬೇಕು. ಹೆಚ್ಚಿನ ಉತ್ಪಾದನೆಗಾಗಿ ತೊಡಗಿಸುವ ಹಣ ಮೊದಲಾದ ಸಾಧನಗಳೇ ಬಂಡವಾಳ. ಅಮೆರಿಕಾದ ಸರ್ಕಾರವು 1862ರ ಕಾಯಿದೆಯಂತೆ ರೈಲು ಕಂಪನಿಗಳಿಗೆ ಭೂಮಿಯನ್ನೇ ದಾನವಾಗಿ ಕೊಟ್ಟಿತು. ಅದರಲ್ಲಿ ಬಹುಭಾಗ ಅಲ್ಲಿನ ಮೂಲನಿವಾಸಿಗಳ ನೆಲವಾಗಿತ್ತು. ನಮ್ಮಲ್ಲಿ ಕಂಪನಿಗಳಿಗೆ ಬಡ್ಡಿಯ ಖಾತರಿ ದೊರೆಯಿತು. ಲಾಭ ಬರಲಿ, ಬಾರದಿರಲಿ, ಗೊತ್ತಾದ ಬಡ್ಡಿಯನ್ನು ಬೊಕ್ಕಸವೇ ತುಂಬಿಕೊಡಬೇಕು. 1883ರಲ್ಲಿ ನಿಜಾಮರ ರೈಲುಮಾರ್ಗವನ್ನು ಇಂಥ ಖಾತರಿಯೊಡನೆ ಲಂಡನ್ನಿನ ಕಂಪನಿಗೆ ವಹಿಸಿ, ಚಾಂದಾದ ಕಡೆಗೆ ವಿಸ್ತರಿಸುವ ಯೋಜನೆ ಎದ್ದಿತು. ಅದರ ವಿವರಗಳನ್ನು ಪ್ರಜೆಗಳಿಗೆ ತಿಳಿಸಬೇಕೆಂದು ಹೈದರಾಬಾದಿನ ವಿದ್ಯಾವಂತರು ಕೇಳಿದರು. ಅವರಲ್ಲಿ ಮುಂದಾಳಾಗಿದ್ದ ಅಘೋರನಾಥ ಚಟ್ಟೋಪಾಧ್ಯಾಯರನ್ನು ಸಂಸ್ಥಾನದಿಂದ ಹೊರಗಟ್ಟಲಾಯಿತು. ಇವರು ಸರೋಜಿನಿ ನಾಯ್ಡು ಅವರ ತಂದೆ. ಹೊರೆ ಹೊರುವವರು ಲೆಕ್ಕ ಕೇಳಿದುದೇ ಅಂದು ಅಪರಾಧವಾಯಿತು.

ಎರಡನೆಯ ಪದ ಏಕಸ್ವಾಮ್ಯ. ಒಂದು ಸರಕಿನ ಉತ್ಪಾದನೆಯೂ ಮಾರಾಟವೂ ಒಬ್ಬನ ಕೈಸೇರುವುದೇ ಏಕಸ್ವಾಮ್ಯ. ಅಮೆರಿಕಾದಲ್ಲಿ ರಾಕ್‌ಫೆಲ್ಲರನು 1882ರಲ್ಲಿ ಹಲವು ಎಣ್ಣೆ ಕಂಪನಿಗಳನ್ನು ‘ಟ್ರಸ್ಟ್’ ಎಂಬ ಒಂದೇ ಆಡಳಿತಕ್ಕೆ ತಂದನು. ಇದನ್ನು ತಡೆಯಲು 1890ರಲ್ಲಿ ಶರ್ಮನ್ ಕಾಯಿದೆ ಬಂದಿತು. 1911ರಲ್ಲಿ ನ್ಯಾಯಾಲಯವು ಅವನ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯನ್ನು ಒಡೆಯಿತು. ಸುಣ್ಣದ ಕಲ್ಲನ್ನು ಜೇಡಿಯೊಡನೆ ಅರೆದು, ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು, ಜಿಪ್ಸಮ್ ಬೆರೆಸಿ ಪುಡಿಮಾಡಿದರೆ ಸಿಮೆಂಟು ಸಿದ್ಧವಾಗುತ್ತದೆ. 1920ರ ದಶಕದಲ್ಲಿ ಶಹಾಬಾದಿನಲ್ಲಿ ಸಿಮೆಂಟು ಕಂಪನಿ ನೆಲೆಗೊಂಡಿತು. ಆಗ ಭಾರತದ ಸಿಮೆಂಟು ಕಂಪನಿಗಳು ಒಂದಕ್ಕಿಂತ ಒಂದು ಅಗ್ಗವಾಗಿ ಮಾರಿ ನಷ್ಟಕ್ಕೊಳಗಾಗಿದ್ದವು. 1936ರಲ್ಲಿ ಶಹಾಬಾದಿನದೂ ಸೇರಿ ಹತ್ತು ಕಂಪನಿಗಳು ವಿಲೀನವಾಗಿ ಎ.ಸಿ.ಸಿ. ಎಂಬ ಒಂದೇ ಸಂಸ್ಥೆಯಾಯಿತು. ವಾಡಿಯ ಕಾರ್ಖಾನೆಯನ್ನು 1968ರಲ್ಲಿ ಸ್ಥಾಪಿಸಿದುದೂ ಇದೇ ಸಂಸ್ಥೆ. ವಿಲೀನದಿಂದ ವೆಚ್ಚ ತಗ್ಗುತ್ತದೆ. ಆದರೆ ಕೊಳ್ಳುವವನಿಗೆ ಆಯ್ಕೆಯೂ ಕುಗ್ಗುತ್ತದೆ. ಆದುದರಿಂದಲೇ ಸ್ವತಂತ್ರ ಭಾರತವೂ 1969ರಲ್ಲಿ ಏಕಸ್ವಾಮ್ಯವನ್ನು ಹತ್ತಿಕ್ಕುವ ಕಾಯಿದೆಯನ್ನು ಮಾಡಿತು.

ಬಂಡವಾಳದ ಇನ್ನೊಂದು ಮುಖವೇ ದುಡಿಮೆ. 1886ರ ಮೇ 1ರಂದು ಅಮೆರಿಕಾದ ಕಾರ್ಮಿಕರು ದಿನಕ್ಕೆ ಎಂಟು ಗಂಟೆಗಳ ದುಡಿಮೆ ಮಾತ್ರ ಸಾಕೆಂದು ಮುಷ್ಕರ ಹೂಡಿದರು. ಮೂರು ದಿನಗಳ ತರುವಾಯ ಷಿಕಾಗೋ ನಗರದ ಹೇಮಾರ್ಕೆಟ್ ಚೌಕದಲ್ಲಿ ಬಾಂಬು ಸಿಡಿದು ರಕ್ತಪಾತವಾಯಿತು. ಜಗತ್ತಿನ ಕಾರ್ಮಿಕ ದಿನಾಚರಣೆಯು ಆ ಹೋರಾಟದ ನೆನಪಾಗಿದೆ. ಭಾರತದಲ್ಲಿ 1948ರ ಕಾರ್ಖಾನೆಗಳ ಕಾಯಿದೆಯು ವಯಸ್ಕರ ದುಡಿಮೆಯನ್ನು ವಾರಕ್ಕೆ 48 ಗಂಟೆಗಳಿಗೆ ಮಿತಗೊಳಿಸಿತು. ಕಲ್ಲಿನ ಗಣಿಯ ಬಿಸಿಲಿನಲ್ಲಿ, ಗೂಡಿನ ಕಾವಿನಲ್ಲಿ, ಸಿಮೆಂಟಿನ ದೂಳಿನಲ್ಲಿ ದುಡಿಯುವವನಿಗೆ ಒಂದು ಗಂಟೆಯ ಬಿಡುವೂ ಆಯುಸ್ಸಿನ ಭಾಗವೇ ಸರಿ.

ಕೊನೆಯ ಪದ ನಿಯಂತ್ರಣ. ಯುದ್ಧಕಾಲದಲ್ಲಿ ಸರಕು ಮೊದಲು ಸೈನ್ಯಕ್ಕೆ ಸಲ್ಲುತ್ತದೆ. ಅಮೆರಿಕಾವು ಮೊದಲನೆಯ ಮಹಾಯುದ್ಧಕ್ಕೆ ಇಳಿದ 1917ರಲ್ಲಿಯೇ ಕೈಗಾರಿಕೆಗಳ ಮೇಲ್ವಿಚಾರಣೆಗಾಗಿ ಒಂದು ಮಂಡಳಿಯನ್ನು ಸ್ಥಾಪಿಸಿತು. ಎರಡನೆಯ ಮಹಾಯುದ್ಧದಲ್ಲಿ ವಿಮಾನ ನಿಲ್ದಾಣಗಳಿಗೂ ಸೈನಿಕರ ವಸತಿಗಳಿಗೂ ಸಿಮೆಂಟು ಬೇಕಾದಾಗ ಭಾರತ ಸರ್ಕಾರವೂ ಅದರ ಬೆಲೆಯನ್ನೂ ಹಂಚಿಕೆಯನ್ನೂ ತನ್ನ ವಶಕ್ಕೆ ತೆಗೆದುಕೊಂಡಿತು. ಯುದ್ಧ ಮುಗಿದರೂ ನಿಯಂತ್ರಣ ಬಹುಕಾಲ ಉಳಿಯಿತು. ಸಾಮಾನ್ಯನೊಬ್ಬನು ಮನೆ ಕಟ್ಟಲು ಪರವಾನಗಿಗಾಗಿ ಕಾಯಬೇಕಾಗಿತ್ತು. 1982ರಲ್ಲಿ ಭಾಗಶಃ, 1989ರಲ್ಲಿ ಸಂಪೂರ್ಣವಾಗಿ ಅದು ತೊಲಗಿತು.

ಹೀಗೆ ಅಮೆರಿಕಾದ ಚರಿತ್ರೆಯಲ್ಲಿ ಬರುವ ಪದಗಳು ವಾಡಿಯ ಚರಿತ್ರೆಯಲ್ಲಿಯೂ ಬರುತ್ತವೆ. ವ್ಯತ್ಯಾಸ ಒಂದೇ. ಅಲ್ಲಿ ಏಕಸ್ವಾಮ್ಯವನ್ನು ಪ್ರಶ್ನಿಸಿದ ಪ್ರಜೆಗಳಿಗೆ ಮತದ ಬಲವಿತ್ತು. ಇಲ್ಲಿ 1883ರಲ್ಲಿ ಲೆಕ್ಕ ಕೇಳಿದವರಿಗೆ ಅದು ಇರಲಿಲ್ಲ. ಇಂದು ನಮಗೂ ಆ ಬಲವಿದೆ. ಹೊಸ ಕಾರ್ಖಾನೆಯೋ ಹೊಸ ಮಾರ್ಗವೋ ಬರುವಾಗ ಲಾಭ ಯಾರಿಗೆ, ಹೊರೆ ಯಾರಿಗೆ ಎಂದು ಕೇಳುವುದು ಪ್ರಜೆಯ ಹಕ್ಕು. ಅರಿತು ಕೇಳುವುದು ಅವನ ಕರ್ತವ್ಯ.